ಒಂದು ಸ್ಟೂಲು ಹಾಕಿ ನೋಡಿ

ತಾಲ್ಲೂಕು ಪೇಟೆಗಳ ಅಂಗಡಿ, ಹೋಟೆಲ್, ಗಿರಣಿ, ಡಿಟಿಪಿ ಸೆಂಟರ್, ವರ್ಕ್‌ಶಾಪ್ ಮಾಲೀಕರಿಗೆ,



ನಿಮ್ಮಲ್ಲಿ ಅನೇಕರ ಅಂಗಡಿ ಮುಂದೆ ಈಗಲೂ ಒಂದು ಬೋರ್ಡು ನೇತಾಡುತ್ತಿದೆ: ‘ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ’. ಬಿಸಿಲಿಗೆ ಅದರ ಬಣ್ಣ ಹೋಗಿದೆ, ಹುಡುಗರು ಬಂದಿಲ್ಲ. ಬಂದವರೂ ಎರಡು ತಿಂಗಳು ಇದ್ದು ಬೆಂಗಳೂರಿನ ಬಸ್ಸು ಹತ್ತಿದ್ದಾರೆ. ನಾಲ್ಕು ಜನ ಮಾಲೀಕರು ಕಾಫಿಗೆ ಸೇರಿದರೆ ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ: ‘ಕೆಲಸಕ್ಕೆ ಜನಾನೇ ಸಿಗಲ್ಲ ಕಣ್ರೀ.’

ಅದೇ ಪೇಟೆಯ ಹಿಂದಿನ ಓಣಿಯಲ್ಲಿ ಪಿಯುಸಿ ಮುಗಿಸಿ, ಕಂಪ್ಯೂಟರ್ ಕ್ಲಾಸಿಗೂ ಹೋಗಿ, ಮನೆಯಲ್ಲೇ ಕುಳಿತವರಿದ್ದಾರೆ. ಒಬ್ಬನಿಗೆ ಬೈಕ್ ಅಪಘಾತದಲ್ಲಿ ಮೊಣಕಾಲ ಕೆಳಗೆ ಕಾಲು ಹೋಗಿದೆ. ಒಬ್ಬಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಇನ್ನೊಬ್ಬನಿಗೆ ನೋಡಲು ಏನೂ ಆಗಿಲ್ಲ, ಆದರೆ ವಾರಕ್ಕೆರಡು ದಿನ ಡಯಾಲಿಸಿಸ್. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಎಣಿಕೆಗೆ ಸಿಕ್ಕ ಅಂಗವಿಕಲರು 13.24 ಲಕ್ಷ. ಆ ಗಣತಿಯ ಪ್ರಕಾರ ಇಡೀ ದೇಶದ ಅಂಗವಿಕಲರಲ್ಲಿ ದುಡಿಮೆಯಲ್ಲಿದ್ದವರು ಸುಮಾರು ಶೇ 36. ಗಂಡಸರಲ್ಲಿ ಶೇ 47, ಹೆಂಗಸರಲ್ಲಿ ಶೇ 23.

ಈ ಪತ್ರವನ್ನು ಸರ್ಕಾರಕ್ಕೆ ಬರೆಯಬಹುದಿತ್ತು, ದೊಡ್ಡ ಐಟಿ ಕಂಪನಿಗಳಿಗೂ ಬರೆಯಬಹುದಿತ್ತು. ಬರೆಯುವವರು ಬಹಳ ಜನ ಇದ್ದಾರೆ, ಅಲ್ಲಿ ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 4ರ ಮೀಸಲಾತಿ ಕೊಟ್ಟಿತು. ಕರ್ನಾಟಕದಲ್ಲಿ ಸಿ ಮತ್ತು ಡಿ ಗುಂಪಿನ ಹುದ್ದೆಗಳಿಗೆ ಅದು ಶೇ 5. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಯಾವ ಹುದ್ದೆ ಕೊಡುತ್ತೇವೆ, ಏನು ಅನುಕೂಲ ಮಾಡುತ್ತೇವೆ ಎಂದು ಸಮಾನ ಅವಕಾಶ ನೀತಿಯಲ್ಲಿ ವಿವರವಾಗಿ ಬರೆದು ಪ್ರಕಟಿಸಬೇಕು ಎನ್ನುತ್ತವೆ 2017ರ ನಿಯಮಗಳು. ನಿಮ್ಮ ಅಂಗಡಿಯಲ್ಲಿ ಇರುವವರು ಮೂರೋ ನಾಲ್ಕೋ ಜನ. ಆ ವಿವರಗಳೆಲ್ಲ ನಿಮ್ಮ ತಲೆಯ ಮೇಲಿಂದಲೇ ಹಾದುಹೋಗುತ್ತವೆ. ಆದರೆ ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿ ಕಾಯುವಷ್ಟರಲ್ಲಿ ವಯೋಮಿತಿ ಮುಗಿಯುತ್ತದೆ, ಐಟಿ ಕಂಪನಿ ಇರುವುದು ಮುನ್ನೂರು ಕಿಲೋಮೀಟರ್ ಆಚೆ. ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷಕ್ಕೆ ತಲುಪಬಹುದಾದ ಕೆಲಸ ಅಂತಿರುವುದು ನಿಮ್ಮ ಹತ್ತಿರವೇ.

ಕೆಲಸ ಕೇಳಿಕೊಂಡು ಬಂದವನನ್ನು ನೀವು ಮಾತಾಡಿಸುವ ರೀತಿ ಒಮ್ಮೆ ನೆನಪಿಸಿಕೊಳ್ಳಿ. ಕಾಲು ಸರಿಯಿದ್ದವನಿಗೆ ಮೊದಲ ಪ್ರಶ್ನೆ: ‘ಏನೇನು ಕೆಲಸ ಬರುತ್ತೆ?’ ಊರುಗೋಲು ಹಿಡಿದವನಿಗೆ: ‘ಇದು ಹೇಗಾಯ್ತಪ್ಪ?’ ಅವನು ಹೇಳುತ್ತಾನೆ, ಇದುವರೆಗೆ ಎಷ್ಟೋ ಜನರಿಗೆ ಹೇಳಿ ಸಾಕಾಗಿರುವ ಕತೆಯನ್ನೇ ಮತ್ತೆ. ನೀವು ‘ಅಯ್ಯೋ ಪಾಪ’ ಅನ್ನುತ್ತೀರಿ, ಒಂದು ಲೋಟ ಚಹಾ ತರಿಸುತ್ತೀರಿ, ‘ನಿನ್ನ ಕೈಲಿ ಇಲ್ಲಿಯ ಓಡಾಟ ಆಗಲ್ಲಪ್ಪ, ಏನಾದ್ರೂ ಇದ್ರೆ ಹೇಳಿ ಕಳಿಸ್ತೀನಿ’ ಎಂದು ಕಳಿಸುತ್ತೀರಿ. ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ, ಅದು ಅವನಿಗೂ ಗೊತ್ತು. ಅಷ್ಟು ಹೊತ್ತಿನ ಮಾತುಕತೆಯಲ್ಲಿ ಕೆಲಸ ಏನು ಎಂಬುದನ್ನು ಮಾತ್ರ ಯಾರೂ ಎತ್ತಲಿಲ್ಲ.

ಈ ಪತ್ರ ನಿಮ್ಮನ್ನು ಕೇಳಿಕೊಳ್ಳುವುದು ಅದೊಂದನ್ನೇ. ಕರುಣೆ ಆಮೇಲೆ ನೋಡೋಣ, ಮೊದಲು ನಿಮ್ಮ ಕೆಲಸವನ್ನು ಬಿಡಿಸಿ ನೋಡಿ.

ಹೀಗೆ ಬಿಡಿಸುವುದಕ್ಕೆ ಒಂದು ಸರ್ಕಾರಿ ಮಾದರಿಯೂ ಇದೆ. ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ವಿಕಲಚೇತನರು ಮಾಡಬಹುದಾದ 3,566 ಹುದ್ದೆಗಳ ಪಟ್ಟಿ ಹೊರಡಿಸಿತು. ಓದಲು ಕೂತರೆ ನಿದ್ದೆ ಬರುವಂಥ ಪಟ್ಟಿ. ಆದರೆ ಅದರ ಒಂದು ಕಾಲಂ ಮಾತ್ರ ಸ್ವಾರಸ್ಯದ್ದು. ಪ್ರತಿ ಹುದ್ದೆಯ ಎದುರಿಗೂ ಆ ಕೆಲಸಕ್ಕೆ ಮೈ ಏನೇನು ಮಾಡಬೇಕು ಎಂದು ಸಂಕೇತಾಕ್ಷರಗಳಲ್ಲಿ ಬರೆದಿದ್ದಾರೆ: ಕೂರುವುದು, ನಿಲ್ಲುವುದು, ನಡೆಯುವುದು, ಬಗ್ಗುವುದು, ಎತ್ತುವುದು, ತಳ್ಳುವುದು ಮತ್ತು ಎಳೆಯುವುದು, ಬೆರಳಲ್ಲಿ ಹಿಡಿಯುವುದು, ಓದಿ ಬರೆಯುವುದು, ನೋಡುವುದು, ಕೇಳುವುದು, ಮಾತಾಡುವುದು. ಮನುಷ್ಯನ ಕೊರತೆಯ ಬದಲು ಕೆಲಸದ ಬೇಡಿಕೆಯನ್ನು ಪಟ್ಟಿ ಮಾಡಿದ್ದು ಸರಿಯಾದ ದಾರಿ.

ದಾರಿ ಸರಿಯಿದ್ದರೂ ನಡೆಯುವವರು ಎಡವುತ್ತಾರೆ. ಇರಾ ಸಿಂಘಾಲ್ 2010ರ ನಾಗರಿಕ ಸೇವಾ ಪರೀಕ್ಷೆ ಪಾಸು ಮಾಡಿದರು. ಅವರ ಬೆನ್ನುಮೂಳೆ ಬಾಗಿದೆ. ಕಂದಾಯ ಸೇವೆಗೆ ಆಯ್ಕೆಯಾದರೂ, ತಳ್ಳಲು, ಎಳೆಯಲು, ಎತ್ತಲು ಆಗುವುದಿಲ್ಲ ಎಂಬ ಕಾರಣ ಕೊಟ್ಟು ಅವರಿಗೆ ಹುದ್ದೆ ಕೊಡಲಿಲ್ಲ. ತೆರಿಗೆ ಅಧಿಕಾರಿಯೊಬ್ಬರು ದಿನಕ್ಕೆ ಎಷ್ಟು ಮೂಟೆ ಇಳಿಸಬೇಕಾಗುತ್ತದೆ ಎಂದು ಆಗ ಯಾರಾದರೂ ಕೇಳಬೇಕಿತ್ತು. ಆಡಳಿತ ನ್ಯಾಯಮಂಡಳಿಯಲ್ಲಿ ದಾವೆ ಹೂಡಿ ಗೆದ್ದ ಇರಾ, ಮತ್ತೆ ಪರೀಕ್ಷೆಗೆ ಕೂತು 2014ರ ಸಾಲಿನಲ್ಲಿ ಇಡೀ ದೇಶಕ್ಕೆ ಮೊದಲಿಗರಾದರು.

ಈಗ ನಿಮ್ಮಲ್ಲಿ ಒಬ್ಬರ ಔಷಧಿ ಅಂಗಡಿಯನ್ನೇ ತೆಗೆದುಕೊಳ್ಳೋಣ. ಸಹಾಯಕನ ಕೆಲಸ ಅಂದರೆ ಏನೇನು? ಚೀಟಿ ಓದಬೇಕು. ಡಾಕ್ಟರ ಕೈಬರಹ ಅಂದಮೇಲೆ ಅದೇ ಒಂದು ವಿದ್ಯೆ. ರ‍್ಯಾಕಿನಿಂದ ಸ್ಟ್ರಿಪ್ ತೆಗೆಯಬೇಕು, ಎಕ್ಸ್‌ಪೈರಿ ನೋಡಬೇಕು, ಎಣಿಸಿ ಕತ್ತರಿಸಬೇಕು, ಬಿಲ್ ಹೊಡೆಯಬೇಕು, ಫೋನ್‌ಪೇ ಸದ್ದು ಬಂತಾ ನೋಡಬೇಕು. ಮಧ್ಯಾಹ್ನ ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿ ಆರ್ಡರ್ ಹೇಳಬೇಕು, ಸಂಜೆ ಬಂದ ಡಬ್ಬಗಳನ್ನು ಇಳಿಸಿ ಜೋಡಿಸಬೇಕು. ಇಷ್ಟರಲ್ಲಿ ಊರುಗೋಲಿನವನಿಗೆ ನಿಜವಾಗಿ ಕಷ್ಟವಾಗುವುದು ಎರಡೇ: ಮೇಲಿನ ರ‍್ಯಾಕು ಮತ್ತು ಡಬ್ಬ. ಹೆಚ್ಚು ಹೋಗುವ ಮಾತ್ರೆಗಳನ್ನು ಸೊಂಟದ ಎತ್ತರಕ್ಕೆ ಇಳಿಸಿದರೆ ಮೊದಲನೆಯದು ಮುಗಿಯಿತು. ಡಬ್ಬ ಎತ್ತುವುದನ್ನು ಇನ್ನೊಬ್ಬ ಹುಡುಗನಿಗೆ ಕೊಟ್ಟು, ಅವನು ತಪ್ಪು ತಪ್ಪಾಗಿ ಹೊಡೆಯುವ ಬಿಲ್ಲುಗಳನ್ನು ಇವನಿಗೆ ಕೊಟ್ಟರೆ ಎರಡನೆಯದೂ ಮುಗಿಯಿತು. ಇಬ್ಬರಿಗೂ ಖುಷಿಯೇ.

ಆಮೇಲೆ ಸ್ಟೂಲು. ನಮ್ಮ ಬಟ್ಟೆ ಅಂಗಡಿಗಳಲ್ಲಿ, ಬೇಕರಿಗಳಲ್ಲಿ, ಬಿಲ್ಲಿಂಗ್ ಕೌಂಟರುಗಳಲ್ಲಿ ಕೆಲಸದವರು ಬೆಳಿಗ್ಗೆಯಿಂದ ಶಟರ್ ಎಳೆಯುವ ತನಕ ನಿಂತೇ ಇರಬೇಕು ಎಂಬುದು ಯಾರು ಮಾಡಿದ ಶಾಸ್ತ್ರವೋ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತರೂ ಅದು ಸೋಮಾರಿತನ, ಮಾಲೀಕನಿಗೆ ಮರ್ಯಾದೆ ಕೊಡದಂತೆ. ನಿಂತು ಕೆಲಸ ಮಾಡುವವರಿಗೆ ಸಿಕ್ಕ ಬಿಡುವಿನಲ್ಲಿ ಕೂರಲು ಏರ್ಪಾಡು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅಂಗಡಿಗಳಿಗೆ ಆ ಮಾತು ಬರಲು ಎಷ್ಟು ಕಾಲ ಹಿಡಿಯಿತು ನೋಡಿ. ಕೇರಳದ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಅಲ್ಲಿ ಕೂರುವ ಹಕ್ಕು ಕಾನೂನಾಯಿತು. 2021ರಲ್ಲಿ ತಮಿಳುನಾಡೂ ಅದನ್ನೇ ಮಾಡಿತು.

ಪ್ಲಾಸ್ಟಿಕ್ ಸ್ಟೂಲಿನ ಬೆಲೆ ಒಂದು ದಿನದ ಕೂಲಿಗಿಂತ ಕಡಿಮೆ. ಅದೊಂದು ಕೌಂಟರಿನ ಹಿಂದೆ ಬಂದರೆ ಕೃತಕ ಕಾಲಿನವನು ಬರಬಹುದು, ಡಿಸ್ಕ್ ಜಾರಿದವಳು ಬರಬಹುದು, ಕಾಲಿನ ನರ ಉಬ್ಬಿಕೊಂಡ ನಿಮ್ಮ ಹಳೆಯ ಕೆಲಸದವನೂ ಇನ್ನೈದು ವರ್ಷ ಉಳಿಯಬಹುದು. ಇಲ್ಲಿ ಒಂದು ಮಾತು ಸೇರಿಸಬೇಕು: ಸ್ಟೂಲು ಒಬ್ಬನಿಗೆ ಮಾತ್ರ ಎಂದು ಇಡಬೇಡಿ. ಒಬ್ಬನಿಗೇ ಎಂದಾದರೆ ಉಳಿದವರ ಕಣ್ಣು ಅದರ ಮೇಲೆ, ಅವನಿಗೆ ಅದರಲ್ಲಿ ಕೂರುವುದೇ ಹಿಂಸೆ.

ಡಿಟಿಪಿ ಸೆಂಟರ್, ಜೆರಾಕ್ಸ್ ಅಂಗಡಿ, ಸಣ್ಣ ಪ್ರೆಸ್ ನಡೆಸುವವರು ಇದಿಷ್ಟು ಗಮನವಿಟ್ಟು ಓದಬೇಕು. ಕಣ್ಣು ಕಾಣದವರು ಕಂಪ್ಯೂಟರ್ ಬಳಸುತ್ತಾರೆ ಎಂದರೆ ಈಗಲೂ ಹುಬ್ಬೇರಿಸುವವರಿದ್ದಾರೆ. ಎನ್‌ವಿಡಿಎ ಎಂಬ ತಂತ್ರಾಂಶವಿದೆ, ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಕಟ್ಟಿದ್ದು, ಪುಕ್ಕಟೆ ಸಿಗುತ್ತದೆ. ಪರದೆಯ ಮೇಲಿರುವುದನ್ನು ಅದು ಕಿವಿಗೆ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ನಿಮ್ಮ ಕಂಪ್ಯೂಟರಿನಲ್ಲಿರುವ ಹಳೆಯ ನುಡಿ, ಬರಹ ಫಾಂಟುಗಳ ಕಡತವನ್ನು ಅದರ ಮುಂದಿಟ್ಟರೆ ಓದುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಾರಣ ಇಷ್ಟೆ: ಆ ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಯಂತ್ರದೊಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಅದೇ ತಂತ್ರಾಂಶ ಸರಾಗವಾಗಿ ಓದುತ್ತದೆ. ಹಾಗಾಗಿ ಅಂಧ ಪದವೀಧರೆಯೊಬ್ಬಳಿಗೂ ನಿಮ್ಮ ಸೆಂಟರಿನ ಟೈಪಿಂಗ್ ಕೆಲಸಕ್ಕೂ ನಡುವೆ ನಿಂತಿರುವುದು ಅವಳ ಕಣ್ಣಲ್ಲ, ನಿಮ್ಮ ಫಾಂಟು. ಪುಟ ವಿನ್ಯಾಸ, ಮದುವೆ ಕಾರ್ಡಿನ ಬಣ್ಣ ಇವೆಲ್ಲ ಅವಳಿಗೆ ಆಗದೇ ಇರಬಹುದು. ಅರ್ಜಿ, ಪತ್ರ, ಕರಡು, ಧ್ವನಿ ಕೇಳಿ ಬರೆದುಕೊಡುವ ಕೆಲಸ ಆಗುತ್ತದೆ.

ಕಣ್ಣಿಗೆ ಕಾಣದ ತೊಂದರೆಯವರ ಪಾಡು ಬೇರೆ. ಅವರನ್ನು ಯಾರೂ ‘ಪಾಪ’ ಅನ್ನುವುದಿಲ್ಲ, ‘ಪದೇ ಪದೇ ರಜಾ ಹಾಕ್ತಾನೆ’ ಅನ್ನುತ್ತಾರೆ. 2016ರ ಕಾಯ್ದೆ ಹಳೆಯ ಕಾಯ್ದೆಯ 7 ಬಗೆಯ ವೈಕಲ್ಯಗಳನ್ನು 21ಕ್ಕೆ ಏರಿಸಿತು. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್, ಪಾರ್ಕಿನ್ಸನ್ ಸೇರಿದವು. ಆದರೆ ಕಿಡ್ನಿ ವೈಫಲ್ಯ, ಹೃದಯದ ಕಾಯಿಲೆ, ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಇದ್ದವರಿಗೂ ಮೀಸಲಾತಿ ಸಿಗಬೇಕಾದರೆ ವೈಕಲ್ಯ ಶೇ 40 ಮುಟ್ಟಬೇಕು. ಶೇ 38 ಎಂದು ವೈದ್ಯರು ಬರೆದರೆ ಅತ್ತ ದರಿ ಇತ್ತ ಪುಲಿ. ಸರ್ಕಾರದ ಲೆಕ್ಕದಲ್ಲಿ ಮೀಸಲಾತಿಗೆ ಸಲ್ಲದವನು, ನಿಮ್ಮ ಲೆಕ್ಕದಲ್ಲಿ ಕೆಲಸಕ್ಕೆ ಸಲ್ಲದವನು.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ವಾರ ಹೇಗಿರುತ್ತದೆ ನೋಡಿ. ವಾರಕ್ಕೆ ಎರಡು ಅಥವಾ ಮೂರು ದಿನ, ಒಂದೊಂದು ಸಲಕ್ಕೆ ಸುಮಾರು 4 ಗಂಟೆ. ಯಂತ್ರದಿಂದ ಎದ್ದ ದಿನ ಸುಸ್ತು, ತಲೆ ಹಗುರ. ಮರುದಿನ ಬೆಳಿಗ್ಗೆ ಮನುಷ್ಯ ಮತ್ತೆ ಮನುಷ್ಯ. ಆಸ್ಪತ್ರೆಯ ಪಾಳಿ ಮೊದಲೇ ಗೊತ್ತಿರುತ್ತದೆ, ವಾರವಾರವೂ ಬಹುತೇಕ ಅದೇ ದಿನ, ಅದೇ ಹೊತ್ತು. ನಿಮ್ಮ ಗಟ್ಟಿಮುಟ್ಟಾದ ಹುಡುಗ ‘ಅಜ್ಜಿ ತೀರಿಕೊಂಡಳು’ ಎಂದು ಹೇಳದೆ ಕೇಳದೆ ಹಾಕುವ ರಜೆಗಿಂತ ಈ ರಜೆಯನ್ನು ನಂಬಬಹುದು. ಉಳಿದ ನಾಲ್ಕು ದಿನ ಲೆಕ್ಕ ಬರೆಯುವುದಕ್ಕೆ, ಜಿಎಸ್‌ಟಿ ಬಿಲ್ಲು ಜೋಡಿಸುವುದಕ್ಕೆ, ಬಾಕಿದಾರರಿಗೆ ಫೋನ್ ಮಾಡುವುದಕ್ಕೆ ಅಂಥವರು ಬರಬಲ್ಲರು. ದಿನಗೂಲಿಯೋ ಗಂಟೆ ಲೆಕ್ಕವೋ, ಮೊದಲೇ ಬಾಯಿಬಿಟ್ಟು ಮಾತಾಡಿಕೊಂಡರಾಯಿತು. ಅವರ ಕೈಯಲ್ಲಿ ಭಾರ ಎತ್ತಿಸಬೇಡಿ. ಒಂದು ತೋಳಿನಲ್ಲಿ ಡಯಾಲಿಸಿಸ್‌ಗೆಂದೇ ರಕ್ತನಾಳ ಜೋಡಿಸಿರುತ್ತಾರೆ, ಆ ತೋಳಿಗೆ ಪೆಟ್ಟಾಗಬಾರದು.

ಮೂರ್ಛೆರೋಗದ ವಿಷಯದಲ್ಲಿ ನಮ್ಮ ಪೇಟೆಗಳು ಇನ್ನೂ ಕೀಲಿಕೈ ಗೊಂಚಲಿನ ಕಾಲದಲ್ಲಿವೆ. ಬಿದ್ದವನ ಕೈಗೆ ಕಬ್ಬಿಣ ತುರುಕುವುದು, ಬಾಯಿಗೆ ಚಮಚ ಇಡುವುದು. ಎರಡೂ ಬೇಡ. ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಏನಾದರೂ ಮೆತ್ತಗಿನದು ಇಟ್ಟು, ಸುತ್ತ ಇರುವ ಗಟ್ಟಿ ವಸ್ತುಗಳನ್ನು ಸರಿಸಿ, ಗಡಿಯಾರ ನೋಡುತ್ತಿರಿ. ಐದು ನಿಮಿಷ ದಾಟಿದರೆ ಆಸ್ಪತ್ರೆ. ಅಂಥವರನ್ನು ಕಾಯುವ ಎಣ್ಣೆಯ ಬಾಣಲೆ, ಏಣಿ, ಗರಗಸದ ಹತ್ತಿರ ನಿಲ್ಲಿಸಬಾರದು, ವಾಹನ ಕೊಡಬಾರದು. ಇಷ್ಟು ಬಿಟ್ಟು ಉಳಿದ ಅಂಗಡಿ ಪೂರ್ತಿ ಅವರದ್ದೇ. ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುವ ಬಹಳಷ್ಟು ಜನರಿಗೆ ವರ್ಷಗಟ್ಟಲೆ ಮೂರ್ಛೆ ಬರುವುದೇ ಇಲ್ಲ. ಕೆಲಸ ಹೋಗುತ್ತದೆಂದು ಮುಚ್ಚಿಟ್ಟವನು ಅಪಾಯದ ಜಾಗದಲ್ಲೇ ನಿಂತಿರುತ್ತಾನೆ. ನೀವು ಕೇಳಿಸಿಕೊಳ್ಳುವವರು ಎಂದು ಗೊತ್ತಾದರೆ ಹೇಳುತ್ತಾನೆ.

ಎಚ್‌ಐವಿ ವಿಚಾರದಲ್ಲಿ ನಿಮ್ಮನ್ನು ಕಾನೂನು ಬಿಟ್ಟಿಲ್ಲ. 2017ರ ಕಾಯ್ದೆಯ ಪ್ರಕಾರ ಸೋಂಕಿನ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ, ಕೆಲಸಕ್ಕೆ ಸೇರಲು ಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುವಂತೆಯೂ ಇಲ್ಲ. ಅಂಗಡಿ ಚಿಕ್ಕದು ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಕೆಲಸದಲ್ಲಿದ್ದಾಗಲೇ ಮೈ ಕೈಕೊಟ್ಟವರ ಕತೆ ಇನ್ನೊಂದು. ತೆಲಂಗಾಣದ ಸಾರಿಗೆ ಸಂಸ್ಥೆಯ ಚಾಲಕರೊಬ್ಬರಿಗೆ ಬಣ್ಣಗುರುಡು ಇರುವುದು ಪತ್ತೆಯಾಗಿ, ಅನರ್ಹರೆಂದು ಮನೆಗೆ ಕಳಿಸಿದರು. 2025ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಬೇರೆ ಹೊಂದುವ ಕೆಲಸ ಕೊಡಿ ಎಂದು ಆದೇಶಿಸಿತು. ಸ್ಟೀರಿಂಗ್ ಹಿಡಿಯಬಾರದು ಎಂದರೆ ಡಿಪೋದಲ್ಲಿ ಕೆಲಸವೇ ಇಲ್ಲವೆಂದೇನೂ ಅಲ್ಲವಲ್ಲ.  ನಿಮ್ಮ ವರ್ಕ್‌ಶಾಪಿನಲ್ಲಿ ಲೇತ್‌ಗೆ ಬೆರಳು ಕೊಟ್ಟ ಫಿಟ್ಟರ್ ಇದ್ದನಲ್ಲ, ಅವನನ್ನು ಪರಿಹಾರ ಕೊಟ್ಟು ಕಳಿಸಿದಿರಿ. ಇಪ್ಪತ್ತು ವರ್ಷ ಅವನ ಕಿವಿ ಎಂಜಿನ್ ಸದ್ದು ಕೇಳಿಯೇ ದೋಷ ಹೇಳುತ್ತಿತ್ತು. ಆ ಕಿವಿಗೆ ಏನೂ ಆಗಿರಲಿಲ್ಲ.

ಇಂಥವರಿಗೆ ಕೆಲಸ ಕೊಟ್ಟವರು ಇಲ್ಲವೇ ಎಂದರೆ, ನಮ್ಮ ಸುತ್ತಲೇ ಇದ್ದಾರೆ. ಗಡಿಯಾಚೆ ಹೊಸೂರಿನ ಟೈಟನ್ ಗಡಿಯಾರ ಕಾರ್ಖಾನೆ ತನ್ನ ಮೊದಲ ವರ್ಷಗಳಿಂದಲೇ ವಿಕಲಚೇತನರನ್ನು ಸೇರಿಸಿಕೊಂಡಿತು. ಅದು ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗಗಳನ್ನು ಜೋಡಿಸುವ ಕೆಲಸ, ದಾನಧರ್ಮಕ್ಕೆ ಅಲ್ಲಿ ಜಾಗವಿಲ್ಲ. ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ 2017ರಲ್ಲಿ ಅಲೀನಾ ಆಲಂ ಶುರು ಮಾಡಿದ ಮಿಟ್ಟಿ ಕೆಫೆಯಲ್ಲಿ ಅಡುಗೆ, ಬಡಿಸುವುದು, ಗಲ್ಲಾ ಎಲ್ಲವನ್ನೂ ನಡೆಸುವವರು ವಿಕಲಚೇತನರು, ಬೌದ್ಧಿಕ ಸವಾಲಿನವರೂ ಅವರಲ್ಲಿದ್ದಾರೆ. 2023ರ ನವೆಂಬರಿನಲ್ಲಿ ಅದರದೊಂದು ಶಾಖೆ ಸುಪ್ರೀಂ ಕೋರ್ಟಿನ ಆವರಣದಲ್ಲೇ ತೆರೆಯಿತು. ಬೆಂಗಳೂರಿನಲ್ಲಿ ಪೋಲಿಯೊ ಪೀಡಿತರಾಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಎಪಿಡಿ ಎಂಬ ಸಂಸ್ಥೆ ಈಗಲೂ ತರಬೇತಿ ಕೊಡುತ್ತಿದೆ. 1999ರಿಂದ ಎನೇಬಲ್ ಇಂಡಿಯಾ ಎಂಬ ಸಂಸ್ಥೆ ತರಬೇತಿಯ ಜೊತೆಗೆ ಕೆಲಸ ಹುಡುಕಿಯೂ ಕೊಡುತ್ತಿದೆ.

ಕುಣಿಗಲ್ ತಾಲ್ಲೂಕಿನ ಕೆಂಪಹೊನ್ನಯ್ಯ ಅಂಧರು. ಮೈಸೂರಿನಲ್ಲಿ ಮೇಷ್ಟರಾಗಿದ್ದುಕೊಂಡೇ ಓದಿ 2016ರ ಸಾಲಿನ ಪರೀಕ್ಷೆಯಲ್ಲಿ ಐಎಎಸ್ ಆದರು. ಇಂಥ ಸುದ್ದಿ ಬಂದ ವಾರ ಊರೂರಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆಯಲ್ಲಿ ನೀವೂ ಇರುತ್ತೀರಿ, ವರ್ತಕರ ಸಂಘದ ಪರವಾಗಿ. ಆದರೆ ಐಎಎಸ್ ಆಗದ, ಆಗಲು ಇಷ್ಟವೂ ಇಲ್ಲದ, ಒಂದು ಸಾಧಾರಣ ಕೆಲಸ ಸಿಕ್ಕರೆ ಸಾಕೆನ್ನುವ ಹುಡುಗನಿಗೆ ಆ ಶಾಲಿನಿಂದ ಪ್ರಯೋಜನವಿಲ್ಲ. ಉಳಿದವರೆಲ್ಲ ಸಾಧಾರಣವಾಗಿದ್ದೇ ಸಂಬಳ ತೆಗೆದುಕೊಳ್ಳುತ್ತಾರೆ, ಇವನೊಬ್ಬ ಮಾತ್ರ ಸಾಧಕನಾಗಿ ತೋರಿಸಬೇಕು ಎನ್ನುವುದು ಯಾವ ನ್ಯಾಯ?

ನಿಮ್ಮ ಭಯಗಳೂ ಸುಳ್ಳಲ್ಲ. ಬಿದ್ದು ಪೆಟ್ಟಾದರೆ? ಪರಿಹಾರದ ಕಾನೂನು ಎಲ್ಲ ಕೆಲಸದವರಿಗೂ ಒಂದೇ, ಇವರಿಗೆಂದು ಬೇರೆ ಹೊರೆಯಿಲ್ಲ. ಒದ್ದೆ ನೆಲ, ಬಾಗಿಲ ಬಳಿಯ ಗೋಣಿಚೀಲ, ನೇತಾಡುವ ವೈರು ಎಲ್ಲರನ್ನೂ ಬೀಳಿಸುತ್ತವೆ. ಗಿರಾಕಿಗಳು ಮುಖ ಕಿವುಚಿದರೆ? ಕಿವುಚುವವರು ಕೆಲವರಿರುತ್ತಾರೆ. ಬಿಲ್ಲು ಸರಿಯಾಗಿ, ಬೇಗ ಬಂದರೆ ಮೂರನೇ ಸಲಕ್ಕೆ ಅವರಿಗೆ ಅದರ ನೆನಪೂ ಇರುವುದಿಲ್ಲ. ಖರ್ಚು? ಇಎಸ್‌ಐ, ಪಿಎಫ್ ವ್ಯಾಪ್ತಿಗೆ ಬರುವಷ್ಟು ದೊಡ್ಡ ಘಟಕ ನಿಮ್ಮದಾದರೆ ಒಮ್ಮೆ ನಿಮ್ಮ ಆಡಿಟರ್‌ರನ್ನು ಕೇಳಿ. ವಿಕಲಚೇತನ ನೌಕರರಿಗೆ ಮಾಲೀಕರ ಪಾಲನ್ನು ಮೊದಲ ಕೆಲವು ವರ್ಷ ಕೇಂದ್ರವೇ ಕಟ್ಟುವ ಯೋಜನೆ 2008ರಲ್ಲೇ ಬಂದಿತ್ತು. ಅದರ ಹೆಸರು ಕೇಳದ ಆಡಿಟರ್‌ಗಳೇ ಹೆಚ್ಚು ಇರಬಹುದು. ಕೈಹಿಡಿದು ಕಲಿಸಿದರೂ ಕೆಲಸ ಹೊಂದದಿದ್ದರೆ? ಬಿಡಿಸಿ, ಬೇರೆಯವರನ್ನು ಬಿಡಿಸುವ ಹಾಗೆಯೇ. ಆದರೆ ಒಂದು ತಿಂಗಳು ಪೂರಾ ಸಂಬಳ ಕೊಟ್ಟು ನೋಡಿ ಬಿಡಿಸಿ, ಬಾಗಿಲಲ್ಲೇ ಬೇಡ.

ಪೂರಾ ಸಂಬಳ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ‘ಪಿಂಚಣಿ ಬರುತ್ತಲ್ಲ, ಇವನಿಗೆ ಅರ್ಧ ಕೊಟ್ಟರೆ ಸಾಕು’ ಎನ್ನುವವರು ನಿಮ್ಮಲ್ಲಿದ್ದಾರೆ. ರಾಜ್ಯದ ಮಾಸಾಶನ ತೀರಾ ಸಣ್ಣ ಮೊತ್ತ. ನಿಮ್ಮ ಅಂಗಡಿಯ ತಿಂಗಳ ಚಹಾದ ಲೆಕ್ಕ ಅದಕ್ಕಿಂತ ಜಾಸ್ತಿ. ಇಲ್ಲಿ ಸರ್ಕಾರದ ಒಂದು ಪದ್ಧತಿ ನಿಮಗಿಂತ ಮುಂದಿದೆ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ವಿಕಲಚೇತನರಿಗೆ ಕೆಲಸದ ಪ್ರಮಾಣದಲ್ಲಿ ಶೇ 50 ರಿಯಾಯಿತಿ ಕೊಟ್ಟು ಕೂಲಿ ಪೂರ್ತಿ ಕೊಡುವುದು ಕರ್ನಾಟಕದಲ್ಲಿ ನಡೆದುಬಂದಿದೆ. ಮಣ್ಣು ಅಗೆಯಲಾಗದವರು ನೆರಳು, ನೀರು ನೋಡಿಕೊಳ್ಳುತ್ತಾರೆ, ಹಾಜರಿ ಹಿಡಿಯುತ್ತಾರೆ. ಕೆರೆ ಹೂಳೆತ್ತುವ ಜಾಗದಲ್ಲೇ ಕೆಲಸವನ್ನು ಹೀಗೆ ಹಂಚಲು ಆಗುವುದಾದರೆ ಫ್ಯಾನಿನ ಕೆಳಗಿನ ಕೌಂಟರಿನಲ್ಲಿ ಆಗುವುದಿಲ್ಲವೇ?

ಹೆಣ್ಣುಮಕ್ಕಳಿಗೆ ಇನ್ನೊಂದು ತಡೆ. ಜನಗಣತಿಯ ಆ ಶೇ 23ರ ಹಿಂದೆ ಮನೆಯವರ ಅಂಜಿಕೆ ಇದೆ, ಶೌಚಾಲಯವೂ ಇದೆ. ಪೇಟೆಯ ಎಷ್ಟೋ ಅಂಗಡಿಗಳಲ್ಲಿ ಶೌಚಾಲಯವೇ ಇಲ್ಲ. ಇದ್ದರೆ ಹಿಂದಿನ ಗೋಡೌನ್ ದಾಟಿ, ಎರಡು ಮೆಟ್ಟಿಲು ಇಳಿದು, ಬಾಗಿಲು ಅರ್ಧ ಮಾತ್ರ ತೆರೆಯುವಂಥದ್ದು. ವಾಕರ್ ಹಿಡಿದವಳು ಅಲ್ಲಿಗೆ ಹೋಗಲಾರಳು, ಅದಕ್ಕೆ ಹೆದರಿ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಗೋಡೌನಿನ ದಾರಿ ಬಿಡಿಸಿ, ಒಂದು ಹಿಡಿಕೆ ಹಾಕಿಸಿ, ಚಿಲಕ ಸರಿಮಾಡಿಸಿ. ಗಾರೆಯವನಿಗೆ ಅರ್ಧ ದಿನದ ಕೆಲಸ.

ಇನ್ನು ಇವರನ್ನು ಎಲ್ಲಿ ಹುಡುಕುವುದು? ನೌಕರಿ ಆ್ಯಪ್‌ಗಳನ್ನೆಲ್ಲ ಜಾಲಾಡಬೇಕಿಲ್ಲ. ಸುತ್ತಲಿನ ಗ್ರಾಮ ಪಂಚಾಯಿತಿಗಳಲ್ಲಿ ವಿಆರ್‌ಡಬ್ಲ್ಯೂ ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ ಎಂಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಒಬ್ಬರು. ಅವರೂ ಸಾಮಾನ್ಯವಾಗಿ ವಿಕಲಚೇತನರೇ. ಯಾವ ಮನೆಯಲ್ಲಿ ಯಾರು ಏನು ಓದಿದ್ದಾರೆ, ಯಾರ ಹತ್ತಿರ ಸರ್ಕಾರ ಕೊಟ್ಟ ಸೈಡ್ ವೀಲ್ ಸ್ಕೂಟರ್ ಇದೆ, ಯಾರಿಗೆ ಬಸ್ ಪಾಸ್ ಸಾಕು, ಎಲ್ಲ ಅವರಿಗೆ ಬಾಯಿಪಾಠ. ಕಿವಿ ಕೇಳದವರಿಗೆ ಫೋನ್ ಮಾಡಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಬರೆಯಿರಿ. ವಿಆರ್‌ಡಬ್ಲ್ಯೂಗೆ ಫೋನ್ ಮಾಡಿದಾಗ ‘ಯಾರಾದ್ರೂ ಅಂಗವಿಕಲರು ಇದ್ರೆ ಕಳಿಸಿ’ ಎನ್ನಬೇಡಿ. ‘ಬಿಲ್ಲಿಂಗ್ ಕೆಲಸ, ಕೂತು ಮಾಡೋದು, ಬೆಳಿಗ್ಗೆ ಹತ್ತರಿಂದ ಆರು, ಬಾಗಿಲಿಗೆ ಒಂದೇ ಮೆಟ್ಟಿಲು, ಸಂಬಳ ಇಷ್ಟು’ ಎನ್ನಿ. ಹೊರಗಿನ ಬೋರ್ಡಿನ ಮೇಲೂ ಅಷ್ಟನ್ನೇ ಬರೆಸಿ.

ಇಂತಿ,
ನಿಮ್ಮ ಪೇಟೆಯಲ್ಲೇ ಸಾಮಾನು ಕೊಳ್ಳುವ ಒಬ್ಬ ಗಿರಾಕಿ